ಮೂಲೆಯಿಂದ ಹೆಣೆದ ವಸ್ತ್ರ

"ಗುರುಗಳೇ, ನನಗೆ ಅರವತ್ತು ದಾಟಿತು. ಆಯುಷ್ಯ ಇನ್ನೆಷ್ಟು ಉಳಿದಿದೆಯೋ ತಿಳಿಯದು. ಹೀಗಿರುವಾಗ ದೊಡ್ಡ ಕೆಲಸಕ್ಕೆ ಕೈ ಹಾಕಬಹುದೇ?" ಎಂದು ಮರುಳಯ್ಯ ಕೇಳಿದ.

ಮರುಳಯ್ಯ ತಡವಾಗಿ ಮಠ ಸೇರಿದ ಶಿಷ್ಯ. ಬೆಟ್ಟದ ಮೇಲಿನ ಚಿಲುಮೆಗೆ ಬುಡದಿಂದಲೇ ಮೆಟ್ಟಿಲು ಕಟ್ಟಿಸಬೇಕೆಂಬುದು ಅವನ ಆಸೆ. ನೀರಿಗೆ ಹೋದ ಮುದುಕಿಯರು ಚಿಲುಮೆಯ ಹತ್ತಿರ ಜಾರಿ ಬೀಳುವುದನ್ನು ಕಂಡಾಗಲೆಲ್ಲ ಅವನ ಕರುಳು ಚುರುಕ್ ಎನ್ನುತ್ತಿತ್ತು. ಆದರೆ ಕೆಲಸ ಅರ್ಧಕ್ಕೆ ನಿಂತರೆ ಜನ ಆಡಿಕೊಂಡಾರು ಎಂಬ ಅಂಜಿಕೆ. ಹಾಗಾಗಿ ಬೆಟ್ಟವನ್ನು ಅಳೆಯುವುದರಲ್ಲೇ ಅವನ ಕಾಲ ಕಳೆಯುತ್ತಿತ್ತು.

ಗುರುಗಳು ನಕ್ಕು, ಕುಳಿತುಕೊಳ್ಳಲು ಹೇಳಿ, ಕತೆ ತೆಗೆದರು.

ಒಬ್ಬ ಕುರುಬನಿದ್ದ. ಚಳಿಗಾಲ ಬಂತೆಂದರೆ ಅವನಿಗೆ ಕೆಮ್ಮು. ಆ ವರ್ಷವೂ ಮಂದೆ ಹೊಡೆದುಕೊಂಡು ದೂರ ಹೊರಡುವ ಹೊತ್ತು ಬಂತು. ಮೈಗೇನೋ ಕಂಬಳಿ ಇತ್ತು, ಕುತ್ತಿಗೆಗೆ ಏನೂ ಇರಲಿಲ್ಲ. ಮನೆಯಲ್ಲಿದ್ದದ್ದು ಅವನ ತಾಯಿ ಕೈಯಾರೆ ನೂತ ಉಣ್ಣೆ ನೂಲಿನ ಒಂದು ಸಣ್ಣ ಉಂಡೆ ಮಾತ್ರ. ಮತ್ತೆ ಉಣ್ಣೆ ಕತ್ತರಿಸುವ ಕಾಲ ಇನ್ನೂ ದೂರವಿತ್ತು.

ಅವನ ಹೆಂಡತಿ ಕಡ್ಡಿ ಹಿಡಿದು ಹೆಣೆಯಲು ಕುಳಿತಳು. ಗಂಡನಿಗೆ ಬೆಚ್ಚಗಿರಲೆಂದು ಅಗಲವಾಗಿ, ಬಿಗಿಯಾಗಿ ಹೆಣೆದಳು. ಗೇಣುದ್ದವಾಗುವಷ್ಟರಲ್ಲಿ ಉಂಡೆ ಅರ್ಧ ಕರಗಿತು. ಬಿಚ್ಚಿದಳು. ಸಣ್ಣ ಅಗಲಕ್ಕೆ ಹಾಕಿದಳು. ಅದು ಕುರಿ ಕಟ್ಟುವ ಹಗ್ಗದಂತೆ ಕಂಡಿತು. ಮತ್ತೆ ಬಿಚ್ಚಿದಳು. ಬಿಚ್ಚಿದಷ್ಟೂ ನೂಲು ಸವೆಯಿತು. ಅವಳಿಗೆ ಅಳುವೇ ಬಂತು.

ಮೂಲೆಯಲ್ಲಿ ಕುಳಿತಿದ್ದ ಅತ್ತೆಗೆ ಕಣ್ಣು ಮಂಜಾಗಿತ್ತು, ಕಿವಿ ಚುರುಕಾಗಿತ್ತು. "ಏನವ್ವ, ಹೆಣೆಯೋದಕ್ಕಿಂತ ಬಿಚ್ಚೋದೇ ಜಾಸ್ತಿ ಆಯ್ತಲ್ಲ," ಎಂದಳು.

"ಏನ್ ಮಾಡ್ಲಿ ಅತ್ತೆ, ನೂಲು ಎಲ್ಲಿಗೆ ಮುಗಿಯುತ್ತೋ ಗೊತ್ತಾಗಲ್ವಲ್ಲ."

"ಗೊತ್ತಾಗದ ಮೇಲೆ ಅಗಲದಿಂದ ಯಾಕೆ ಶುರು ಮಾಡ್ತೀಯ? ಮೂಲೆಯಿಂದ ಮಾಡು. ಒಂದೇ ಕುಣಿಕೆ ಹಾಕು, ಸಾಲಿಗೊಂದು ಹೆಚ್ಚಿಸ್ತಾ ಹೋಗು. ಕೈ ಸ್ವಲ್ಪ ಸಡಿಲ ಬಿಡು. ನೂಲು ಎಲ್ಲಿ ಮುಗಿದ್ರೂ ಅಲ್ಲಿಗೆ ಅದು ಮೂರು ಮೂಲೆಯ ವಸ್ತ್ರ. ಚಿಕ್ಕದಾದ್ರೆ ಕುತ್ತಿಗೆಗೆ, ದೊಡ್ಡದಾದ್ರೆ ಹೆಗಲಿಗೂ ಆಯ್ತು."

ಸೊಸೆ ಹಾಗೆಯೇ ಮಾಡಿದಳು. ಈ ಸಲ ಉಂಡೆಯ ಕಡೆ ತಿರುಗಿಯೂ ನೋಡಲಿಲ್ಲ. ಕುತ್ತಿಗೆಗೆ ಸುತ್ತಿ ಗಂಟು ಹಾಕುವಷ್ಟು ಆದಾಗ ನೂಲು ಮುಗಿಯಿತು. ಕುರುಬ ಅದನ್ನು ಕಟ್ಟಿಕೊಂಡು, ಚುಚ್ಚುತ್ತದೆ ಎಂದು ಗೊಣಗುತ್ತಲೇ ಹೊರಟ. ಚಳಿಗಾಲ ಮುಗಿಯುವವರೆಗೂ ಬಿಚ್ಚಲಿಲ್ಲ. ಆ ವರ್ಷ ಅವನು ಕೆಮ್ಮಲಿಲ್ಲ.

ಕತೆ ಮುಗಿಯಿತು. ಮರುಳಯ್ಯನಿಗೆ ಖುಷಿಯಾಯಿತು. "ಅತ್ತೆ ಜಾಣೆ," ಎಂದು ತಲೆದೂಗಿದ. "ಆದರೆ ಗುರುಗಳೇ, ನನ್ನ ಮೆಟ್ಟಿಲಿಗೆ ಮೂಲೆ ಎಲ್ಲಿದೆ?"

ಗುರುಗಳು ಬೆಟ್ಟದ ಕಡೆ ನೋಡಿದರು.

"ಮುದುಕಿಯರು ಜಾರುವ ಜಾಗದಲ್ಲಿ ಇವತ್ತು ಒಂದು ಕಲ್ಲು ಹಾಕಿದರೆ, ನಾಳೆ ನೀನಿಲ್ಲದಿದ್ದರೂ ಅದು ಮೆಟ್ಟಿಲೇ ಅಲ್ಲವೇನಯ್ಯ?"

ಮರುಳಯ್ಯ ಎದ್ದು, ಒಂದು ಕಲ್ಲು ಹೊತ್ತು ಚಿಲುಮೆಯ ಕಡೆ ನಡೆದ.