ಬೆಟ್ಟ ನೋಡಿದ ಸುಂಕ

"ಅವ್ವಾ, ಬೊಮ್ಮನಾಯಕರ ಕೋಟೆಗೆ ದಾರಿ ಯಾವುದು?"

ಊರೂರು ನೀರು ಕುಡಿದ ಜಕ್ಕವ್ವ, ಮಹಾರಾಯರ ಆಸ್ಥಾನದ ಓಲೆಗಾರ್ತಿ, ಬಟ್ಟಬಯಲಲ್ಲಿ ದಾರಿ ತಪ್ಪಿದ್ದಳು. ಸುತ್ತ ಚಪ್ಪಟೆ ನೆಲ. ನಡುವೆ ಯಾರೊಂದಿಗೂ ಮಾತು ಬಿಟ್ಟಂತೆ ನಿಂತ ಒಂದೇ ಒಂದು ಬೆಟ್ಟ. ಕುರಿ ಕಾಯುವ ಹಾಲವ್ವ ಅದಕ್ಕೆ ಬೆನ್ನು ಹಾಕಿ ಕೂತಿದ್ದಳು.

"ಬೆಟ್ಟ ಎಡಕ್ಕಿಟ್ಟುಕೊಂಡು ಹೋಗು ತಾಯಿ. ನಾನು ಮಾತ್ರ ತಿರುಗಲ್ಲ. ನೋಡಿದರೆ ಸುಂಕ."

"ಬೆಟ್ಟ ನೋಡಿದ್ದಕ್ಕೆ ಸುಂಕವೇ?"

"ಬೆಟ್ಟ ನಾಯಕರದಂತೆ, ಕಂಡವರೆಲ್ಲ ಕೊಡಬೇಕಂತೆ. ಎಷ್ಟು ದೂರ ಹೋದರೂ ಕಾಣುತ್ತೆ, ಹಾಳಾದ್ದು!"

ನಗುತ್ತಾ ಜಕ್ಕವ್ವ ಹೊರಟಳು, ತಪ್ಪು ದಿಕ್ಕಿಗೇ.

"ಅಯ್ಯೋ, ಆ ಕಡೆ ಅಲ್ಲ!" ಹಾಲವ್ವ ತಿರುಗಿ ಕೈ ತೋರಿಸಿದಳು. ಅಷ್ಟೇ ಸಾಕಾಯಿತು. ಪೊದೆಯ ಹಿಂದಿನಿಂದ ಸುಂಕದವನು ಎದ್ದು ಬಂದು, ಹಿಂಡಿಗಿದ್ದ ಒಂದೇ ಟಗರನ್ನು ಎಳೆದುಕೊಂಡು ಹೋದ.

"ಇನ್ನು ಮರಿ ಎಲ್ಲಿಂದ ಬರಬೇಕು?" ಹಾಲವ್ವ ಹಣೆ ಬಡಿದುಕೊಂಡಳು.

"ನನ್ನಿಂದ ಹೋಯಿತು. ಆ ಟಗರು ನನ್ನ ಮೇಲಿನ ಸಾಲ," ಅಂದಳು ಜಕ್ಕವ್ವ.

ನಾಯಕನ ಓಲಗಕ್ಕೆ ಅವಳು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ತಡವರಿಸುತ್ತಾ ಬಂದಳು.

"ಏನಮ್ಮಾ, ಕಣ್ಣಿಗೇನಾಯಿತು?"

"ಏನಿಲ್ಲ ದೊರೆ. ನಿಮ್ಮ ಕಿಟಕಿಯಿಂದ ಬೆಟ್ಟ ಕಾಣುತ್ತಂತೆ. ನನ್ನ ಹತ್ತಿರ ಟಗರಿಲ್ಲ."

ನಾಯಕ ಮೀಸೆ ತಿರುವಿದ. "ಅಡ್ಡ ನಿಲ್ಲೋಕೆ ಇನ್ನೊಂದು ಗುಡ್ಡವಿಲ್ಲ ನೋಡು! ಎಲ್ಲಿಯವರೆಗೆ ಕಾಣುತ್ತೋ ಅಲ್ಲಿಯವರೆಗೆ ನಮ್ಮ ಸುಂಕ!"

"ಯಾರಿಗೂ ವಿನಾಯಿತಿ ಇಲ್ಲವೇ?"

"ನಮ್ಮ ಅತ್ತೆಗೂ ಇಲ್ಲ!"

"ಸದ್ಯ, ಕೇಳಿದ್ದು ಒಳ್ಳೆಯದಾಯಿತು. ನಮ್ಮ ಮಹಾರಾಯರು ದಿನಾ ಬೆಳಗ್ಗೆ ಉಪ್ಪರಿಗೆ ಹತ್ತಿ ಸೂರ್ಯನಿಗೆ ಕೈ ಮುಗಿಯುತ್ತಾರೆ. ಸೂರ್ಯನ ಕೆಳಗೆ ಸರಿಯಾಗಿ ನಿಮ್ಮ ಬೆಟ್ಟ! ಪಟ್ಟಕ್ಕೆ ಬಂದಾಗಿನಿಂದ ಬಿಟ್ಟಿ ನೋಡುತ್ತಿದ್ದಾರೆ. ವಸೂಲಿಗೆ ಸುಂಕದವನನ್ನು ಕಳಿಸುತ್ತೀರೋ, ನೀವೇ ಬರುತ್ತೀರೋ? ಅವರು ಟಗರು ಸಾಕಿಲ್ಲ. ಆನೆಯನ್ನೇ ಎಳೆದು ತರಬೇಕಾದೀತು."

ಮೀಸೆಯ ಮೇಲಿನ ಕೈ ನಿಂತಿತು. "ರಾಯರಿಗೆ... ಬಿಟ್ಟುಬಿಡೋಣ."

"ಕುರಿಯವಳು ಕಟ್ಟುವ ಸುಂಕ ಕಟ್ಟಲಾರದಷ್ಟು ಬಡವನೇ ನಾನು ಅಂತ ರಾಯರು ಕೇಳಿದರೆ, ಏನು ಹೇಳಲಿ?"

ಓಲಗದಲ್ಲಿ ಯಾರೋ ಕೆಮ್ಮಿ ನಗು ನುಂಗಿದರು. ನಾಯಕ ಬೆವರು ಒರೆಸಿಕೊಂಡ. ಆಮೇಲೆ ಅವನಿಗೂ ನಗು ತಡೆಯಲಾಗಲಿಲ್ಲ.

"ಹೋಗಲಿ, ಇವತ್ತಿನಿಂದ ಎಲ್ಲರೂ ಬಿಟ್ಟಿ ನೋಡಲಿ! ಯಾರಲ್ಲಿ, ಈ ತಾಯಿಯ ಕಣ್ಣು ಬಿಚ್ಚಿಸಿ!"

"ಕಣ್ಣು ನಾನೇ ಬಿಚ್ಚಿಕೊಳ್ತೀನಿ ದೊರೆ. ಮೊದಲು ಟಗರು ಬಿಚ್ಚಿಸಿ."

ಸಂಜೆ ಹಾಲವ್ವ ಬೆಟ್ಟಕ್ಕೆ ಮುಖ ಮಾಡಿ ಕೂತು ಕಣ್ತುಂಬ ನೋಡುತ್ತಿದ್ದಳು. "ನಿಜವಾಗಿ ಅಷ್ಟು ದೂರಕ್ಕೆ ಕಾಣುತ್ತಾ ತಾಯಿ, ರಾಯರಿಗೆ?"

"ಯಾರಿಗೆ ಗೊತ್ತವ್ವ? ನಮ್ಮ ರಾಯರು ಏಳುವುದೇ ಮಧ್ಯಾಹ್ನ." ಜಕ್ಕವ್ವ ಟಗರಿನ ಹಗ್ಗವನ್ನು ಅವಳ ಕೈಗಿಟ್ಟಳು. "ಹಿಡಿ, ನನ್ನ ಸಾಲ ತೀರಿತು."