ಪೈಲ್ವಾನನ ಕಲ್ಲಿನ ಬಳೆ

"ಗುರುಗಳೇ, ಶೀರ್ಷಾಸನ ಹಾಕಲು ಹೋಗಿ ಕತ್ತು ಹಿಡಿದುಕೊಂಡಿತು. ಎಣ್ಣೆ ಹಚ್ಚಿದ್ದಾಯಿತು, ಶಾಖ ಕೊಟ್ಟಿದ್ದಾಯಿತು. ಆದರೂ ಯಾಕೆ ವಾಸಿಯಾಗುತ್ತಿಲ್ಲ?" ಎಂದು ಶಿಷ್ಯ ಕೇಳಿದ. ಇದೇ ಪ್ರಶ್ನೆಯನ್ನು ನಿನ್ನೆಯೂ ಕೇಳಿದ್ದ, ಮೊನ್ನೆಯೂ ಕೇಳಿದ್ದ. ಗುರುಗಳಿಗೆ ಸಾಕುಸಾಕಾಗಿತ್ತು.

"ಕೂತುಕೋ. ಕತೆ ಹೇಳುತ್ತೇನೆ. ಆಮೇಲೆ ನನ್ನ ತಲೆ ತಿನ್ನಬೇಡ" ಎಂದರು.

ಒಬ್ಬ ಪೈಲ್ವಾನನಿದ್ದ. ಕತ್ತು ಗಟ್ಟಿಯಾಗಲೆಂದು ಗರಡಿಮನೆಯಲ್ಲಿ ಕಲ್ಲಿನ ಬಳೆಯನ್ನು ಕೊರಳಿಗೆ ಹಾಕಿಕೊಂಡು ಬಸ್ಕಿ ಹೊಡೆಯುತ್ತಿದ್ದ. ಒಂದು ದಿನ ತನ್ನ ಅಳವಿಗೆ ಮೀರಿದ ಬಳೆ ಹಾಕಿಕೊಂಡ. ಕತ್ತು ಉಳುಕಿತು. ವೈದ್ಯ ಎಣ್ಣೆ ತಿಕ್ಕಿ, ಪಟ್ಟಿ ಕಟ್ಟಿ, "ನಾನು ಹೇಳುವವರೆಗೆ ಕಲ್ಲು ಮುಟ್ಟಬೇಡ" ಎಂದ.

ಪೈಲ್ವಾನನಿಗೆ ಆಗಷ್ಟೇ ಹೆಣ್ಣುಮಗು ಹುಟ್ಟಿತ್ತು. ತೊಟ್ಟಿಲಿಗೆ ಹಾಕುವ ದಿನ ತಂದೆಯೇ ಬಗ್ಗಿ ಮಗುವಿನ ಕಿವಿಯಲ್ಲಿ ಹೆಸರು ಹೇಳುವುದು ಅವರ ಮನೆತನದ ಪದ್ಧತಿ. ಬಹಳ ವರ್ಷ ಕಾದು ಪಡೆದ ಮಗಳು. ಅವಳ ಹೆಸರನ್ನು ತಾನೇ ಹೇಳಬೇಕೆಂದು ಅವನಿಗೆ ಎಲ್ಲಿಲ್ಲದ ಆಸೆ.

ಕೆಲವು ದಿನ ಸುಮ್ಮನಿದ್ದ. ನೋವು ಇಳಿಯಿತು. ಕೂಡಲೇ ಆ ಪುಣ್ಯಾತ್ಮ ಗರಡಿಗೆ ಹೋಗಿ ಅದೇ ಬಳೆ ಹಾಕಿಕೊಂಡ. ಕತ್ತು ಮತ್ತೆ ಹಿಡಿಯಿತು. ವೈದ್ಯ ಮತ್ತೆ ಪಟ್ಟಿ ಕಟ್ಟಿದ. ನೋವು ಇಳಿದೊಡನೆ ಮತ್ತೆ ಬಳೆ, ಮತ್ತೆ ಪಟ್ಟಿ. ಕೊನೆಗೆ ವೈದ್ಯ ಎಣ್ಣೆಬಟ್ಟಲನ್ನು ನೆಲಕ್ಕೆ ಕುಕ್ಕಿದ.

"ಯಾಕಯ್ಯಾ ಮತ್ತೆ ಮತ್ತೆ ಅದನ್ನೇ ಹಾಕ್ಕೊಳ್ತೀಯ?"

"ವಾಸಿಯಾಗಿದೆಯೋ ಇಲ್ಲವೋ ನೋಡೋಣ ಅಂತ, ಪಂಡಿತರೇ."

"ನೋಡೋದಕ್ಕೆ ಆ ಕಲ್ಲೇ ಬೇಕಾಗಿತ್ತಾ?"

"ಹಗುರವಾದ್ದನ್ನು ಹಾಕ್ಕೊಂಡ್ರೆ ಸರಿಯಾಗಿ ಗೊತ್ತಾಗಲ್ಲವಲ್ಲ."

ವೈದ್ಯ ಹಣೆ ಚಚ್ಚಿಕೊಂಡು ಎದ್ದುಹೋದ.

ತೊಟ್ಟಿಲಿಗೆ ಹಾಕುವ ದಿನ ಬಂತು. ಬೆಳಿಗ್ಗೆ ಎದ್ದಾಗ ಕತ್ತಿನಲ್ಲಿ ನೋವೇ ಇರಲಿಲ್ಲ. ನೆಟ್ಟಗೆ ಹೋಗಿ ಬಗ್ಗಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಈ ಮಹಾನುಭಾವನಿಗೆ ಖಾತ್ರಿ ಬೇಕಲ್ಲ, ಗರಡಿಗೆ ಓಡಿದ. ನೆಂಟರೆಲ್ಲ ಕಾಯುತ್ತಿರುವಾಗ ಸೆಟೆದ ಕತ್ತಿನೊಡನೆ ಬಂದು ತೊಟ್ಟಿಲಿನ ಮೇಲೆ ಬಗ್ಗಿದ. ಮಗಳ ಕಿವಿಗೆ ಬಿದ್ದದ್ದು ಹೆಸರಲ್ಲ, "ಅಯ್ಯಯ್ಯೋ" ಎಂಬ ಕೂಗು. ಮಗು ಬೆಚ್ಚಿ ಕಿರುಚಿತು. ಅವನನ್ನು ಬದಿಗೆ ಸರಿಸಿ ಸೋದರತ್ತೆ ಹೆಸರು ಹೇಳಿದಳು. ಪೈಲ್ವಾನ ಗೋಡೆಗೆ ಒರಗಿ ನಿಂತು ಅತ್ತ. ಕಣ್ಣೀರು ಒರೆಸಿಕೊಳ್ಳಲು ತಲೆ ತಗ್ಗಿಸುವುದಕ್ಕೂ ಅವನಿಂದ ಆಗಲಿಲ್ಲ.

ಶಿಷ್ಯ ನಕ್ಕುಬಿಟ್ಟ. "ಎಂಥ ದಡ್ಡನಪ್ಪಾ ಅವನು" ಎಂದ.

ಗುರುಗಳು ಅವನ ತಲೆಯನ್ನೇ ನೋಡುತ್ತ ಹೇಳಿದರು: "ಇವತ್ತು ಬೆಳಿಗ್ಗೆ ನಿನ್ನ ನೆತ್ತಿಗೆ ಹತ್ತಿದ ಅಂಗಳದ ಮಣ್ಣನ್ನು ಮೊದಲು ಒರೆಸಿಕೋ."