ಅಕ್ಕಾವ್ರು ಬರ್ಲಿಲ್ವಾ?

"ಗುರುಗಳೇ, ಎಲ್ಲ ಇರುವವನಿಗೂ ಮತ್ಸರ ಬರುತ್ತದೆಯೇ?" ಎಂದು ಶಿಷ್ಯೆ ಕೇಳಿದಳು.



"ಇಲ್ಲದವನ ಮತ್ಸರ ಊರಿಗೆಲ್ಲ ಕಾಣುತ್ತದೆ" ಎಂದರು ಗುರುಗಳು. "ಇರುವವನದು ಅವನಿಗೆ ಮಾತ್ರ ಗೊತ್ತು. ಎಷ್ಟೋ ಸಲ ಅವನಿಗೂ ಗೊತ್ತಿರುವುದಿಲ್ಲ. ಒಬ್ಬ ಶಾಸಕನ ಕತೆ ಹೇಳುತ್ತೇನೆ, ಕೇಳು."

ಒಬ್ಬ ಶಾಸಕನಿದ್ದ. ಕೆಟ್ಟವನೇನೂ ಅಲ್ಲ. ಜನರ ಕೆಲಸ ಮಾಡಿಕೊಡುತ್ತಿದ್ದ. ಫೋನ್ ಮಾಡಿದರೆ ಎತ್ತುತ್ತಿದ್ದ. ವಾರದಲ್ಲಿ ಮೂರು ದಿನ ರಾಜಧಾನಿಯಲ್ಲಿ, ನಾಲ್ಕು ದಿನ ತನ್ನ ಕ್ಷೇತ್ರದಲ್ಲಿ ಇರುತ್ತಿದ್ದ. ಪ್ರತಿ ಭಾನುವಾರ ಅವನ ಆಪ್ತ ಸಹಾಯಕ ಮುಂದಿನ ವಾರದ ಕಾರ್ಯಕ್ರಮಗಳ ಪಟ್ಟಿ ಮಾಡಿ ಕಚೇರಿಯ ಬಾಗಿಲಿಗೆ ಅಂಟಿಸುತ್ತಿದ್ದ. ಹತ್ತು ಗಂಟೆಗೆ ರಸ್ತೆಯ ಗುದ್ದಲಿ ಪೂಜೆ, ಹನ್ನೊಂದೂವರೆಗೆ ಶಾಲೆಯ ಕೊಠಡಿ, ಒಂದಕ್ಕೆ ಮದುವೆ, ಮೂರಕ್ಕೆ ಸಾವಿನ ಮನೆ. ಹೀಗೆ.

ರಾಜಧಾನಿಯ ಸಮಾರಂಭಗಳಲ್ಲಿ ಅವನಿಗೆ ಎರಡನೆಯ ಸಾಲಿನ ಕುರ್ಚಿ. ಸ್ವಾಗತ ಕೋರುವವರು ಮಂತ್ರಿಗಳ ಹೆಸರುಗಳನ್ನು ಒಂದೊಂದಾಗಿ ಹೇಳಿ, ಕೊನೆಗೆ "ಹಾಗೂ ಮಾನ್ಯ ಶಾಸಕರುಗಳೇ" ಎಂದು ಮುಗಿಸುತ್ತಿದ್ದರು. ಆ 'ಹಾಗೂ'ವಿನಲ್ಲಿ ಅವನೂ ಒಬ್ಬ. ಅದನ್ನು ಅವನು ಸಹಿಸಿಕೊಂಡಿದ್ದ. ಏಕೆಂದರೆ ಶುಕ್ರವಾರ ತನ್ನ ತಾಲ್ಲೂಕಿನ ಗಡಿ ದಾಟಿದರೆ ಮೊದಲ ಕುರ್ಚಿ, ಮೊದಲ ಹಾರ, ಮೊದಲ ಮಾತು ಎಲ್ಲ ತನ್ನದೇ.

ಆದರೆ ಸಾವು ಶುಕ್ರವಾರದವರೆಗೆ ಕಾಯುವುದಿಲ್ಲ. ಅವನು ರಾಜಧಾನಿಯಲ್ಲಿದ್ದ ದಿನಗಳಲ್ಲಿ ಯಾರಾದರೂ ತೀರಿಕೊಂಡರೆ ಹೆಂಡತಿಗೆ ಫೋನ್ ಮಾಡಿ, "ನನ್ನ ಪರವಾಗಿ ಒಂದು ಹಾರ ಹಾಕಿ ಬಾ" ಎನ್ನುತ್ತಿದ್ದ. ಅವಳು ಹೋಗುತ್ತಿದ್ದಳು. ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ಬೇಕಾದವರು ಅಡುಗೆ ಮಾಡಿ ತಂದುಕೊಡಬೇಕು. ಮೊದಲ ಸಲ ಅವಳು ಹಾರ ಮರೆತು ಅನ್ನ ಸಾರು ಒಯ್ದಳು. ಮುಂದೆ ಹಾರದ ನೆನಪು ಅವಳಿಗೂ ಆಗಲಿಲ್ಲ, ಆ ಮನೆಗಳವರಿಗೂ ಆಗಲಿಲ್ಲ. ಹಿತ್ತಿಲ ಬಾಗಿಲಿನಿಂದ ಹೋಗಿ, ಬಡಿಸಿ, ಹೆಂಗಸರ ನಡುವೆ ಕೂತು, ಸಂಜೆಯ ಮೊದಲು ಮನೆಗೆ ಬರುತ್ತಿದ್ದಳು. ಎರಡು ವರ್ಷ ಹೀಗೆ ನಡೆಯಿತು.

ಒಂದು ದಿನ ಒಂದು ಹಳ್ಳಿಯಲ್ಲಿ ನೀರಿನ ಟ್ಯಾಂಕಿನ ಉದ್ಘಾಟನೆ. ಶಾಸಕ ಕಾರಿನಿಂದ ಇಳಿದ. ಮುಂದೆಯೇ ನಿಂತಿದ್ದ ಒಬ್ಬ ಅಜ್ಜಿ ಅವನನ್ನು ನೋಡಿದಳು. ಅವನ ಹಿಂದೆ ಕಾರಿನೊಳಗೆ ಇಣುಕಿದಳು.

"ಅಕ್ಕಾವ್ರು ಬರ್ಲಿಲ್ವಾ?"

"ಏ ಅಜ್ಜಿ, ಸಾಹೇಬ್ರೇ ಬಂದವ್ರಲ್ಲ, ಕಣ್ಣಿಗೆ ಕಾಣಲ್ವಾ?" ಎಂದ ಒಬ್ಬ ಕಾರ್ಯಕರ್ತ.

"ಕಾಣ್ತರೆ ಬುಡು. ಸಾಹೇಬ್ರು ಬತ್ತರೆ, ಟೇಪು ಕಟ್ ಮಾಡ್ತರೆ, ಓಯ್ತರೆ. ಅಕ್ಕಾವ್ರಾದ್ರೆ ಕುಂತ್ಕತರೆ."

ಎಲ್ಲರೂ ನಕ್ಕರು. ಶಾಸಕ ಎಲ್ಲರಿಗಿಂತ ಜೋರಾಗಿ ನಕ್ಕ. ಕಾರು ಹತ್ತಿದ ಮೇಲೆ ನಗಲಿಲ್ಲ.

ತಾನೂ ಕೂರಬಲ್ಲೆ ಎಂದುಕೊಂಡ. ಮುಂದಿನ ಸಾವಿನ ಮನೆಯಲ್ಲಿ ಚಾಪೆಯ ಮೇಲೆ ಕೂತ. ಅವನು ನೆಲದಲ್ಲಿ ಕೂತದ್ದು ಕಂಡು ಅಳುತ್ತಿದ್ದವರೆಲ್ಲ ಅಳು ನಿಲ್ಲಿಸಿ ಎದ್ದು ನಿಂತರು. ಸತ್ತವನ ಮಗ ಕುರ್ಚಿ ತರಲು ಪಕ್ಕದ ಮನೆಗೆ ಓಡಿದ. ಅದರ ಮುಂದಿನ ಮನೆಗೆ ಅವನು ನೂರು ಪೊಟ್ಟಣ ಅನ್ನ ಕಳಿಸಿದ. ಕಾರ್ಯಕರ್ತರು ಅಭ್ಯಾಸಬಲದಿಂದ ಪ್ರತಿ ಪೊಟ್ಟಣದ ಮೇಲೂ ಅವನು ಕೈಮುಗಿದು ನಗುತ್ತಿರುವ ಚಿತ್ರ ಅಂಟಿಸಿದ್ದರು. ಆ ಮನೆಯವರು ಒಂದನ್ನೂ ಬಿಚ್ಚಲಿಲ್ಲ.

ಅದೇ ತಿಂಗಳು ಮಹಿಳಾ ಸಂಘದವರು ಒಂದು ಆಮಂತ್ರಣ ಪತ್ರಿಕೆ ತಂದುಕೊಟ್ಟರು. ಉದ್ಘಾಟನೆಯ ಎದುರು ಅವನ ಹೆಂಡತಿಯ ಹೆಸರು ದೊಡ್ಡ ಅಕ್ಷರದಲ್ಲಿತ್ತು. ಕೆಳಗೆ, "ಹಾಗೂ ಮಾನ್ಯ ಶಾಸಕರು" ಎಂದಿತ್ತು.

ರಾಜಧಾನಿಯಲ್ಲಿ ಬಿಟ್ಟು ಬರುತ್ತಿದ್ದ ಆ ಮಾತು ಮನೆಯೊಳಗೇ ಬಂತು. ಅವನ ಹೊಟ್ಟೆಯಲ್ಲಿ ಏನೋ ಉರಿದ ಹಾಗಾಯಿತು. ಹೆಂಡತಿಯ ಮೇಲೆ ಹೊಟ್ಟೆಕಿಚ್ಚು ಪಡುವವರು ಉಂಟೇ ಎಂದು ತನ್ನನ್ನೇ ಕೇಳಿಕೊಂಡ. ಇಲ್ಲ ಎಂದು ತಾನೇ ಉತ್ತರ ಕೊಟ್ಟುಕೊಂಡ. ಸಂಜೆ ಹೆಂಡತಿಯನ್ನು ಕರೆದು ಹೇಳಿದ:

"ಇನ್ನು ಸ್ವಲ್ಪ ದಿನ ರಾಜಧಾನಿಯಲ್ಲಿ ನನ್ನ ಜೊತೆಗಿರು. ನಿನಗೂ ಆಯಾಸ ಆಗಿದೆ."

"ನನಗೆ ಆಯಾಸ ಆಗಿದೆ ಅಂತ ಯಾರು ಹೇಳಿದ್ರು?"

"ನಾನೇ ಹೇಳ್ತಿದೀನಲ್ಲ."

ಅವಳು ಅವನ ಮುಖ ನೋಡಿದಳು. ಬಟ್ಟೆ ಜೋಡಿಸಿಕೊಂಡಳು.

ರಾಜಧಾನಿಯಲ್ಲಿ ಅವಳನ್ನು ಅವನು ಪುಸ್ತಕ ಬಿಡುಗಡೆಗೆ, ಸನ್ಮಾನಕ್ಕೆ, ಮಂತ್ರಿಗಳ ಮನೆಯ ಆರತಕ್ಷತೆಗೆ ಕರೆದುಕೊಂಡು ಹೋದ. ಕುಟುಂಬದವರಿಗೆಂದು ಇಟ್ಟ ಕುರ್ಚಿಗಳಲ್ಲಿ ಅವಳು ಕೂರುತ್ತಿದ್ದಳು. ಅಲ್ಲಿ ಅವಳನ್ನು ಬಲ್ಲವರು ಯಾರೂ ಇರಲಿಲ್ಲ. ಅದನ್ನು ನೋಡಿ ಅವನಿಗೆ ಸಮಾಧಾನವಾಗುತ್ತಿತ್ತು. ಆ ಸಮಾಧಾನವನ್ನು ಅವನು ಹೆಂಡತಿಯ ಮೇಲಿನ ಅಕ್ಕರೆ ಎಂದು ತಿಳಿದ. ಶುಕ್ರವಾರ ಮಾತ್ರ ಒಬ್ಬನೇ ಊರಿಗೆ ಹೋಗುತ್ತಿದ್ದ.

ಒಂದು ತಿಂಗಳು ಕಳೆಯಿತು. ಒಂದು ಬುಧವಾರ ಬೆಳಿಗ್ಗೆ ಅವನು ರಾಜಧಾನಿಯ ಮನೆಯ ಕಿಟಕಿಯಿಂದ ನೋಡುತ್ತಾನೆ, ಕೆಳಗೆ ಒಂದು ಬಸ್ಸು ನಿಂತಿದೆ. ತನ್ನ ತಾಲ್ಲೂಕಿನ ನಲವತ್ತು ಜನ ಇಳಿಯುತ್ತಿದ್ದಾರೆ. ಶುಕ್ರವಾರದವರೆಗೂ ತಡೆಯಲಾರದೆ ತನ್ನನ್ನು ಹುಡುಕಿಕೊಂಡು ಬಂದಿದ್ದಾರೆ! ನಲವತ್ತು ಕಾಫಿಗೆ ಹೇಳಿ ಬಾಗಿಲಿಗೆ ಬಂದ.

ಮುಂದಿದ್ದ ಯಜಮಾನ ಕೈಮುಗಿದ. "ಯಾವ ಆಸ್ಪತ್ರೆ ಸಾಹೇಬ್ರೆ?"

"ಯಾರಿಗೆ?"

"ನಮ್ಮತ್ರ ಮುಚ್ಚಿಡಬ್ಯಾಡಿ. ಅಕ್ಕಾವ್ರು ಒಂದು ತಿಂಗ್ಳಿಂದ ಯಾರ ಮನೆಗೂ ಬಂದಿಲ್ಲ. ನಾಕು ಸಾವಾಯ್ತು. ಚೆನ್ನಾಗಿದ್ದಿದ್ರೆ ಅವ್ರು ಬರ್ದೆ ಇರ್ತಿದ್ರಾ?"

ಚೆನ್ನಾಗಿದ್ದಾಳೆ ಎಂದರೆ ಮುಂದಿನ ಪ್ರಶ್ನೆ ಬರುತ್ತದೆ: ಮತ್ತೆ ಯಾಕೆ ಬರಲಿಲ್ಲ? ಅದಕ್ಕೆ ಇದ್ದ ಉತ್ತರ ಒಂದೇ. ಅದನ್ನು ಅವನು ತನಗೇ ಹೇಳಿಕೊಂಡಿರಲಿಲ್ಲ, ನಲವತ್ತು ಜನರಿಗೆ ಹೇಗೆ ಹೇಳಿಯಾನು?

"ಹೌದು, ಹುಷಾರಿಲ್ಲ" ಎಂದ. "ಮನೆಯಲ್ಲೇ ವಿಶ್ರಾಂತಿ ತಗೋಬೇಕು ಅಂದಿದ್ದಾರೆ ಡಾಕ್ಟರು."

ಹೆಂಡತಿ ಒಳಗಿದ್ದಳು. ಅವಳಿಗೆ ಕೇಳಿಸಿತು. ಹೆಂಗಸರು ಒಳಗೆ ಬರುವಷ್ಟರಲ್ಲಿ ಅವಳು ಮಂಚದ ಮೇಲೆ ಮಲಗಿ, ಕುತ್ತಿಗೆಯವರೆಗೆ ಹೊದ್ದುಕೊಂಡಿದ್ದಳು. ಅವರು ತಂದಿದ್ದ ರಾಗಿ ಹುರಿಹಿಟ್ಟನ್ನೂ ಎಳನೀರನ್ನೂ ಮಂಚದ ಕೆಳಗಿಟ್ಟು, ಸೆರಗಿನಿಂದ ಕಣ್ಣೊರೆಸಿಕೊಂಡು ಹೋದರು. ಕಾಫಿ ಯಾರೂ ಕುಡಿಯಲಿಲ್ಲ.

ಬಸ್ಸು ಹೊರಟ ಮೇಲೆ ಅವಳು ಕೇಳಿದಳು:

"ರೀ, ನಾನು ಎಷ್ಟು ದಿನ ಮಲಗಿರ್ಬೇಕು?"



"ಅವಳು ಎದ್ದು ಬರಬಹುದಿತ್ತಲ್ಲ?" ಎಂದು ಶಿಷ್ಯೆ ನಡುವೆ ಕೇಳಿದಳು.

"ಬರಬಹುದಿತ್ತು. ಅಷ್ಟು ಜನರ ಎದುರು ಗಂಡನನ್ನು ಸುಳ್ಳುಗಾರನನ್ನಾಗಿ ಮಾಡಲು ಅವಳಿಗೆ ಮನಸ್ಸು ಬರಲಿಲ್ಲ. ಅವನು ಅದನ್ನೂ ಕಂಡ. ಕಂಡು ಇನ್ನಷ್ಟು ಉರಿದ. ನಾವು ಯಾರ ಮೇಲೆ ಹೊಟ್ಟೆಕಿಚ್ಚು ಪಡುತ್ತೇವೋ ಅವರು ನಮ್ಮ ಮಾನ ಕಾಯಬಾರದು, ಮಗಳೇ. ಅದನ್ನು ತಡೆದುಕೊಳ್ಳುವುದು ಬಲು ಕಷ್ಟ."

ಮತ್ತೆ ಕತೆ ಮುಂದುವರಿಸಿದರು.

ಆ ನಲವತ್ತು ಜನ ಊರಿಗೆ ಹೋಗಿ ನಾಲ್ಕು ಸಾವಿರ ಜನರಿಗೆ ಹೇಳಿದರು. ಮುಂದಿನ ಶುಕ್ರವಾರ ಶಾಸಕ ಒಂದು ಸೇತುವೆಯ ಕಾರ್ಯಕ್ರಮಕ್ಕೆ ಹೋದ. ನಿರೂಪಕ ಮೈಕಿನ ಮುಂದೆ ಬಂದು, "ಸ್ವಾಗತಕ್ಕೂ ಮೊದಲು ನಮ್ಮ ಅಕ್ಕಾವ್ರು ಬೇಗ ಗುಣವಾಗಲಿ ಎಂದು ಎಲ್ಲರೂ ಎದ್ದು ನಿಂತು ಒಂದು ನಿಮಿಷ ಪ್ರಾರ್ಥಿಸೋಣ" ಎಂದ. ಎಲ್ಲರೂ ಎದ್ದರು. ಶಾಸಕನೂ ಎದ್ದ. ಶನಿವಾರ ಶಾಲೆಯಲ್ಲಿ ಅದೇ ಆಯಿತು. ಭಾನುವಾರ ಮದುವೆಮನೆಯಲ್ಲಿ, ತಾಳಿ ಕಟ್ಟಿದ ಕೂಡಲೇ. ಪ್ರತಿ ಕಡೆಯೂ ಅವನು ಕಣ್ಣು ಮುಚ್ಚಿ ಮನಸ್ಸಿನಲ್ಲೇ ಅರವತ್ತರವರೆಗೆ ಎಣಿಸುತ್ತಿದ್ದ. ಅವಳು ಊರಿನಲ್ಲಿದ್ದಾಗ ಅವಳ ಹೆಸರು ಕೆಲವು ಮನೆಗಳಲ್ಲಿ ಮಾತ್ರ ಇತ್ತು. ಈಗ ಅವನ ಪಟ್ಟಿಯ ಪ್ರತಿ ಕಾರ್ಯಕ್ರಮವೂ ಅವಳಿಂದಲೇ ಶುರುವಾಗುತ್ತಿತ್ತು. ಹೀಗೆ ಮಾಡಿದವನು ಅವನೇ.

ಆರು ವಾರವಾಯಿತು. ಒಂದು ಭಾನುವಾರ ಆಪ್ತ ಸಹಾಯಕ ಪಟ್ಟಿಯಲ್ಲಿ ಒಂದು ಸಾಲು ಸೇರಿಸಿದ: ಮೂರು ಗಂಟೆ, ಟ್ಯಾಂಕಿನ ಊರಿನ ಅಜ್ಜಿಯ ಆರೋಗ್ಯ ವಿಚಾರಣೆ.

"ಯಾವ ಅಜ್ಜಿ?"

"ಅದೇ ಸಾರ್, ಟೇಪು ಕಟ್ ಮಾಡ್ತಾರೆ ಅಂದಿದ್ದಳಲ್ಲ. ಅಕ್ಕಾವ್ರು ಏಳೋವರೆಗೆ ಒಪ್ಪತ್ತೇ ಊಟ ಅಂತ ಹರಕೆ ಹೊತ್ತಿದಾಳಂತೆ. ನಿನ್ನೆ ಬಚ್ಚಲಲ್ಲಿ ಕುಸಿದುಬಿದ್ಳಂತೆ."

ಶಾಸಕ ಹೋದ. ಅಜ್ಜಿ ಗೋಡೆಗೆ ಒರಗಿ ಕೂತಿದ್ದಳು. ಮೊದಲೇ ಸಣ್ಣ ಜೀವ, ಈಗ ಇನ್ನೂ ಸಣ್ಣದಾಗಿತ್ತು. ಕಾರ್ಯಕರ್ತರೂ ಊರಿನವರೂ ಬಾಗಿಲಲ್ಲಿ ನಿಂತರು.

"ಯಾಕಜ್ಜಿ ಊಟ ಬಿಟ್ಟೆ?"

"ಬುಟ್ಟಿಲ್ಲ ಕಣಪ್ಪ. ಅಕ್ಕಾವ್ರು ಎದ್ದು ಕುಂತ್ರು ಅಂತ ಕೇಳೋಗಂಟ ಒಂದೊತ್ತು, ಅಷ್ಟೆಯ. ಎದ್ದು ಕುಂತ್ರಾ?"

ಅವನು ಕೇಳಬಾರದೆಂದಿದ್ದ ಪ್ರಶ್ನೆ ಬಾಯಿಂದ ಬಂದುಬಿಟ್ಟಿತು. "ಅವಳು ನಿನಗೇನಾಗಬೇಕು ಅಜ್ಜಿ?"

"ನನ್ ಮಗ ಸತ್ತಾಗ ನೀವೂ ಬಂದಿದ್ರಿ. ದೊಡ್ಡ ಹಾರ ಹಾಕುದ್ರಿ. ಒಳ್ಳೇದೇ ಮಾಡುದ್ರಿ, ಇಲ್ಲ ಅನ್ನಲ್ಲ. ಅಕ್ಕಾವ್ರು ಮೂರ್ನೇ ದಿನ ಬಂದು ನನ್ ತಲೆ ಬಾಚುದ್ರು."

ಶಾಸಕ ತಲೆ ತಗ್ಗಿಸಿದ. ಸುಳ್ಳು ಹೇಳುವುದಕ್ಕೆ ಇನ್ನೂ ದಾರಿ ಇತ್ತು. ಗುಣವಾಗಿದ್ದಾಳೆ, ನಾಳೆ ಬರುತ್ತಾಳೆ ಎಂದರೆ ಸಾಕು, ಅಜ್ಜಿಯೂ ಉಳಿಯುತ್ತಾಳೆ, ತಾನೂ ಉಳಿಯುತ್ತೇನೆ. ನಾಲಿಗೆಯ ತುದಿಯವರೆಗೂ ಅದು ಬಂತು.

"ಅಜ್ಜಿ, ಅವಳಿಗೆ ಏನೂ ಆಗಿಲ್ಲ. ಏನೂ ಆಗಿರಲಿಲ್ಲ. ನಿಮಗೆಲ್ಲ ನಾನೇ ಸುಳ್ಳು ಹೇಳಿದೆ. ಅವಳನ್ನು ಇಲ್ಲಿಂದ ದೂರ ಇಟ್ಟವನೂ ನಾನೇ."

ಬಾಗಿಲಲ್ಲಿದ್ದವರಿಗೆ ಕೇಳಿಸಿತು. ಅವನು ದನಿ ತಗ್ಗಿಸಿರಲಿಲ್ಲ.

"ಏನೂ ಆಗಿಲ್ವಾ?" ಎಂದಳು ಅಜ್ಜಿ.

"ಇಲ್ಲ."

ಯಾಕೆ ಸುಳ್ಳು ಹೇಳಿದೆ ಎಂದು ಅವಳು ಕೇಳಲಿಲ್ಲ. ಆ ಭಾಗ ಅವಳ ಕಿವಿಗೇ ಹೋಗಲಿಲ್ಲ. ಗೋಡೆ ಹಿಡಿದು ಎದ್ದು, ಡಬ್ಬಿಯಿಂದ ಒಂದು ಚೂರು ಬೆಲ್ಲ ತೆಗೆದು, "ಇಂಥ ಮಾತು ಹೇಳಿದ ಬಾಯಿ ತಣ್ಣಗಿರ್ಲಿ" ಎಂದು ಅವನ ಬಾಯಿಗಿಟ್ಟಳು. ಅಷ್ಟು ವರ್ಷದ ಸಮಾರಂಭಗಳಲ್ಲಿ ಅವನಿಗೆ ಯಾರೂ ತಮ್ಮ ಕೈಯಾರೆ ಏನನ್ನೂ ತಿನ್ನಿಸಿರಲಿಲ್ಲ. ಬೆಲ್ಲ ಕರಗುತ್ತಿತ್ತು. ಆಗಲೂ ಅವನಿಗೆ ಅನ್ನಿಸಿತು: ಇದೂ ಅವಳಿಗೆ ಕೊಟ್ಟದ್ದೇ.



"ಹೆಂಡತಿಯನ್ನು ಕರೆತಂದನೇ?" ಎಂದಳು ಶಿಷ್ಯೆ.

"ಮಾರನೆಯ ದಿನವೇ ಕರೆತಂದ. ಅಜ್ಜಿಯ ಮನೆಯ ಹಿತ್ತಿಲ ಬಾಗಿಲಲ್ಲಿ ಇಳಿಸಿ ತಾನು ಕಾರಿನಲ್ಲೇ ಕೂತ."

"ಹಾಗಾದರೆ ಅವನ ಮತ್ಸರ ಹೋಯಿತು."

"ಎಲ್ಲಿ ಹೋಯಿತು? ಒಳಗಿನಿಂದ ಅವರಿಬ್ಬರ ನಗು ಕೇಳಿಸಿದಾಗ ಮೊದಲಿನಷ್ಟೇ ಉರಿಯಿತು. ಅವನು ಕಾರು ಹೊರಡಿಸಲಿಲ್ಲ, ಅಷ್ಟೇ."

"ಮತ್ಸರ ಹೋಗದಿದ್ದ ಮೇಲೆ ಈ ಕತೆಯನ್ನು ನನಗೆ ಯಾಕೆ ಹೇಳಿದಿರಿ, ಗುರುಗಳೇ?"

ಗುರುಗಳು ಅವಳ ಮುಖ ನೋಡಿ ಹೇಳಿದರು:

"ಆಚೆ ಊರಿನವರು ಪ್ರವಚನಕ್ಕೆ ನಾನು ಬೇಡ, ನೀನೇ ಬರಬೇಕು ಎಂದು ಕೇಳಿ ಮೂರು ತಿಂಗಳಾಯಿತು, ನಿನಗೆ ಪುರುಸೊತ್ತಿಲ್ಲವೆಂದು ನಾನೇ ಹೇಳಿ ಕಳಿಸುತ್ತಿದ್ದೆ, ನಾಳೆ ಹೊರಡು."